ಕಾರೆಹುಂಡಿಯ ಒಳ್ಳೆ ಉಣ್ಣೆ

ಕೊಲ್ಲುವ ಹುಳದ ಬಾಯಿಂದಲೇ ಕಾಯುವ ಮದ್ದು ಕೊಡಿಸಿದರೆ ಹೇಗೆ? ಡಾ. ಪೊನ್ನಮ್ಮ ಮೊದಲ ಸಲ ಈ ಮಾತಾಡಿದಾಗ ಅವರ ಜೊತೆಯ ವಿಜ್ಞಾನಿಗಳು ಕಾಫಿ ಲೋಟ ಕೆಳಗಿಟ್ಟು ನಕ್ಕಿದ್ದರಂತೆ. ರಾಜಮಣಿ ಕೆಲಸಕ್ಕೆ ಸೇರುವ ಹೊತ್ತಿಗೆ ಆ ನಗು ನಿಂತು, ಗುಂಡ್ಲುಪೇಟೆಯಾಚೆ ಕಾಡಂಚಿನಲ್ಲಿ ಉದ್ದನೆಯ ತಗಡಿನ ಕಟ್ಟಡವೊಂದು ಎದ್ದಿತ್ತು. ಬೋರ್ಡಿನ ಮೇಲೆ ಅದಕ್ಕೆ ಎರಡು ಸಾಲಿನ ಹೆಸರಿತ್ತು. ಸುತ್ತಲಿನ ಹಳ್ಳಿಯವರಿಗೆ ಅದು ಉಣ್ಣೆಮನೆ.

ಅಲ್ಲಿ ಬೆಳೆಸುತ್ತಿದ್ದುದು ಮಂಗನ ಕಾಯಿಲೆ ಹರಡುವ ಉಣ್ಣೆಯನ್ನೇ. ಈ ಹುಳ ಜೀವಮಾನದಲ್ಲಿ ಉಣ್ಣುವುದು ಮೂರೇ ಊಟ. ಮರಿಯಾಗಿದ್ದಾಗ ಇಲಿಯದೋ ಕಾಡುಕೋಳಿಯದೋ ರಕ್ತ, ಸಾಸಿವೆಗಾತ್ರ ಆದಮೇಲೆ ಕೋತಿಯದೋ ಮನುಷ್ಯನದೋ, ಬಲಿತ ಮೇಲೆ ದನದ್ದು. ಬರೀ ರಕ್ತ ಕುಡಿಯುವ ಜೀವಕ್ಕೆ ಕೆಲವು ಜೀವಸತ್ವಗಳು ದಕ್ಕುವುದಿಲ್ಲ. ಅವನ್ನು ಅದರ ಮೈಯೊಳಗೇ ಬಾಡಿಗೆಗಿರುವ ಬ್ಯಾಕ್ಟೀರಿಯಾವೊಂದು ತಯಾರಿಸಿಕೊಡುತ್ತದೆ. ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಅದು ಇಳಿದುಬರುತ್ತದೆ. ಪೊನ್ನಮ್ಮ ಹಿಡಿದದ್ದು ಈ ಬಾಡಿಗೆದಾರನನ್ನು. ಕಾಯಿಲೆಯ ವೈರಸ್ಸಿಗೊಂದು ಹೊರಗವಚವಿದೆಯಲ್ಲ, ಅದರ ಒಂದು ಚೂರನ್ನಷ್ಟೇ ತಯಾರಿಸುವ ಕಸುಬನ್ನು ಅದಕ್ಕೆ ಕಲಿಸಿದರು. ಉಣ್ಣೆ ಕಚ್ಚಿದಾಗ ಜೊಲ್ಲಿನೊಂದಿಗೆ ಆ ಚೂರು ಕೋತಿಯ ಮೈಗಿಳಿಯುತ್ತದೆ. ಕೋತಿಯ ರಕ್ತ ಅದರ ಚಹರೆಯನ್ನು ನೆನಪಿಟ್ಟುಕೊಳ್ಳುತ್ತದೆ. ನಾಳೆ ನಿಜವಾದ ವೈರಸ್ ಬಂದರೆ ಬಾಗಿಲಲ್ಲೇ ಹಿಡಿಯುತ್ತದೆ. ಇಂಥ ಉಣ್ಣೆಯ ಗುರುತು ಸಿಗಲೆಂದು ನೀಲಿ ದೀಪದಡಿ ಹಸಿರಾಗಿ ಮಿನುಗುವಂತೆಯೂ ಮಾಡಿದ್ದರು.

ರಾಜಮಣಿಯ ಕೆಲಸ ಈ ಹುಳಗಳಿಗೆ ಊಟ ಹಾಕುವುದು. ಗಾಜಿನ ಡಬ್ಬಿ, ತಳದಲ್ಲಿ ಚರ್ಮದಷ್ಟು ತೆಳುವಾದ ಸಿಲಿಕಾನ್ ಪೊರೆ, ಅದರ ಕೆಳಗೆ ಉಗುರುಬೆಚ್ಚಗಿನ ದನದ ರಕ್ತ. ಪ್ರಾಣಿಶಾಸ್ತ್ರದಲ್ಲಿ ಪದವಿ ಮಾಡಿದ್ದ ಅವಳು ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಬಿಟ್ಟು ಬೇರೆ ಬಾಯಿ ತೆರೆದವಳಲ್ಲ. ಮಾತಾಡದ ಜೀವಗಳ ನಡುವೆ ಅವಳಿಗೆ ಹಾಯೆನಿಸುತ್ತಿತ್ತು.

ಸೇರಿದ ಹೊಸತರಲ್ಲಿ ಪೊನ್ನಮ್ಮ ಅವಳನ್ನು ಕೂರಿಸಿ, ಒಂದು ಕಡೆ ಸೂಕ್ಷ್ಮದರ್ಶಕವನ್ನೂ ಇನ್ನೊಂದು ಕಡೆ ಕಾಡಿನ ಕ್ಯಾಮೆರಾದ ಪರದೆಯನ್ನೂ ಇಟ್ಟಿದ್ದರು.

"ಇಲ್ಲಿ ಉಣ್ಣೆ, ಅಲ್ಲಿ ಕೋತಿ. ಸ್ವಲ್ಪ ದಿನ ಎರಡನ್ನೂ ನೋಡ್ತಾ ಇರು. ಏನು ವ್ಯತ್ಯಾಸ ಅಂತ ಆಮೇಲೆ ಹೇಳು. ಪುಸ್ತಕದಲ್ಲಿರೋದು ನಂಗೂ ಗೊತ್ತು, ಅದು ಬೇಡ."

ರಾಜಮಣಿ ನೋಡಿದಳು. ಕೋತಿಗೆ ತಾಯಿ ಉಂಟು, ಮಡಿಲು ಉಂಟು, ಮುನಿಸು ಉಂಟು. ಹೇನು ಹೆಕ್ಕಿಸಿಕೊಳ್ಳುವಾಗ ಸುಖಕ್ಕೆ ಕಣ್ಣು ಮುಚ್ಚುತ್ತದೆ. ಮರಿ ಸತ್ತರೆ ಅದು ಒಣಗಿ ಕರಟುವ ತನಕ ಎದೆಗವಚಿಕೊಂಡು ಓಡಾಡುತ್ತದೆ. ಉಣ್ಣೆಗೆ ಕಣ್ಣೇ ಇಲ್ಲ. ತಾಯಿ ಮೊಟ್ಟೆಯಿಟ್ಟು ಸತ್ತುಬಿಡುತ್ತದೆ, ಸಾವಿರಾರು ಮಕ್ಕಳಲ್ಲಿ ಒಂದರ ಮುಖವನ್ನೂ ನೋಡುವುದಿಲ್ಲ. ಹುಲ್ಲಿನ ತುದಿ ಹತ್ತಿ, ಮುಂಗಾಲು ಎರಡನ್ನೂ ಮುಂದೆ ಚಾಚಿ, ಯಾರದಾದರೂ ಉಸಿರು ಬೀಸೀತೇ ಎಂದು ತಿಂಗಳುಗಟ್ಟಲೆ ಕಾಯುತ್ತದೆ.

"ಕೋತಿಗೆ ಬೇಕಾದವರು ಬೇಕಾದಷ್ಟು ಜನ ಇದ್ದಾರೆ ಮೇಡಂ," ಎಂದಳು ಕೊನೆಗೆ, ನೆಲ ನೋಡುತ್ತ. "ಉಣ್ಣೆಗೆ ಯಾರೂ ಇಲ್ಲ."

ಪೊನ್ನಮ್ಮ ಕನ್ನಡಕ ತೆಗೆದು ಅವಳನ್ನೇ ದಿಟ್ಟಿಸಿ, "ಸರಿ ಹಾಗಾದ್ರೆ. ನೀನೇ ಸಾಕು ಇವನ್ನ," ಎಂದರು.

ಉಣ್ಣೆಯ ಪರವಾಗಿ ಮಾತಾಡಲು ಮನೆಯಲ್ಲಿ ಮಾತ್ರ ಅವಳಿಗೆ ಬಾಯಿರಲಿಲ್ಲ. ಅಣ್ಣ ಚಿನ್ನಸ್ವಾಮಿ ಎರಡು ಬೇಸಿಗೆಯ ಹಿಂದೆ ಸೌದೆಗೆಂದು ಕಾಡಿಗೆ ಹೋಗಿ ಬಂದವನು ಮಂಗನ ಕಾಯಿಲೆ ಹತ್ತಿ, ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಈಗ ಕಾರೆಹುಂಡಿಯ ಮನೆಯಲ್ಲಿ ಇರುವುದು ಅತ್ತಿಗೆ ದೇವೀರಿ, ಅವಳ ಪುಟ್ಟ ಮಗಳು ಗೌರಿ, ರಾಜಮಣಿ. ಅಪ್ಪ ಅಮ್ಮ ಮೊದಲೇ ಹೋಗಿದ್ದರು. ಅವಳಿಗೆ ದೊಡ್ಡವರು ಅಂತ ಉಳಿದಿದ್ದವಳು ಅತ್ತಿಗೆ ಒಬ್ಬಳೇ.

"ಗಂಡನ್ನ ತಿಂದ ಹುಳಕ್ಕ ನಾದಿನಿ ಉಣ್ಣಾಕ ಇಕ್ತಾಳ," ಎಂದು ದೇವೀರಿ ನೀರಿನ ಟ್ಯಾಂಕಿನ ಹತ್ತಿರ ಹತ್ತು ಜನರ ಮುಂದೆ ಹೇಳುತ್ತಿದ್ದಳು. ಮನೆಯಲ್ಲೂ ಬಿಡುತ್ತಿರಲಿಲ್ಲ.

"ತಲ ಮ್ಯಾಲ ನೀರ್ ಹುಯ್ಕಂಡ್ ಒಳಿಕ್ ಬಾರಮ್ಮಿ. ನಿನ್ ಮಕ್ಕ್ಳು ಎಲ್ಲಾರ ಸೀರಗ ಹತ್ಕಂಡ್ ಬಂದಾವು."

"ಅವು ಕಾಯಿಲೆದಲ್ಲ ಅತ್ಗೆ. ಒಳ್ಳೇವು."

"ಒಳ್ಳೆ ಉಣ್ಣೆ! ಒಳ್ಳೆ ಹಾವು, ಒಳ್ಳೆ ಚೇಳು. ಇನ್ನ ಏನೇನ್ ಅವ ನಿಮ್ ಮೇಡಮ್ನೋರ್ ತವ?"

ರಾಜಮಣಿ ಸುಮ್ಮನೆ ಬಚ್ಚಲಿಗೆ ಹೋಗುತ್ತಿದ್ದಳು.

ಉಣ್ಣೆಮನೆಯವರು ಕಾಡಿನ ಒಂದು ತುಂಡಿಗೆ ಬೇಲಿ ಹಾಕಿ, ಅದರೊಳಗೆ ಮಾತ್ರ ಒಳ್ಳೆ ಉಣ್ಣೆ ಬಿಟ್ಟಿದ್ದರು. ಬೇಲಿಯಿಂದಾಚೆ ಒಂದೂ ಬರುವುದಿಲ್ಲವೆಂದು ಊರಿಗೆ ಮಾತು ಕೊಟ್ಟಿದ್ದರು. ಅಲ್ಲಿಗೆ ಬಂದು ಹೋಗುತ್ತಿದ್ದ ಕೋತಿ ಹಿಂಡಿಗೆ ರಕ್ಷಣೆ ಬಂದಿರುವುದು ರಕ್ತದಲ್ಲಿ ಕಂಡಿತ್ತು. ಮುಂದಿನ ಹೆಜ್ಜೆ ಬೇಲಿ ಕಿತ್ತು ಇಡೀ ಕಾಡಿಗೆ ಬಿಡುವುದು. ಅದಕ್ಕೆ ಊರು ಒಪ್ಪಬೇಕು. ಎರಡು ಸಲ ಸಭೆ ಕೂಡಿದಾಗಲೂ ಎದ್ದು ನಿಂತು ಬೇಡವೆಂದವಳು ದೇವೀರಿ. ಗಂಡನನ್ನು ಕಳೆದುಕೊಂಡವಳ ಮುಂದೆ ಬೇಕು ಎನ್ನಲು ಯಾರಿಗೂ ನಾಲಿಗೆ ಏಳಲಿಲ್ಲ.

ಹೀಗಿರುವಾಗ ಮಾಘದ ಒಂದು ಬೆಳಗ್ಗೆ ಮಾನಿಟರ್ ಕೋಣೆಯ ಪರದೆಯ ಮೇಲೆ ಹಿಂಡಿನ ಗಡವನ ಚುಕ್ಕೆ ಅಲ್ಲಾಡದೆ ನಿಂತಿತು. ಗಡವ ಅಂದರೆ ಹಿಂಡಿಗೆ ಯಜಮಾನನಾದ ದೊಡ್ಡ ಗಂಡು ಕೋತಿ. ಅದರ ಕೊರಳಪಟ್ಟಿ ಕಳಿಸುತ್ತಿದ್ದ ಮೈಕಾವು ನೋಡನೋಡುತ್ತಿದ್ದಂತೆ ಇಳಿಯತೊಡಗಿತು. ಜಾಗ ಕಾರೆಹುಂಡಿಯ ಟ್ರಾನ್ಸ್‌ಫಾರ್ಮರ್ ಕಂಬದ ಬುಡ.

"ಕರೆಂಟು," ಎಂದರು ಪೊನ್ನಮ್ಮ. "ಕಾಯಿಲೆ ಅಲ್ಲ, ಪುಣ್ಯ. ಆದರೂ ಮೈ ತಣ್ಣಗಾದ ಕೂಡಲೆ ಅದರ ಮೇಲಿರೋ ಉಣ್ಣೆಗಳೆಲ್ಲ ಬೆಚ್ಚಗಿರೋ ಇನ್ನೊಂದು ಮೈ ಹುಡುಕಿ ಇಳೀತವೆ. ಅವುಗಳಲ್ಲಿ ಕಾಯಿಲೆದೂ ಇರಬಹುದು. ಯಾರೂ ಮುಟ್ಟದ ಹಾಗೆ ನೋಡ್ಕೋಬೇಕು, ನಡಿ."

ಸತ್ತ ಕೋತಿಯನ್ನು ಮುಟ್ಟಬಾರದು, ಕಂಡರೆ ಫೋನು ಮಾಡಬೇಕು ಎಂದು ಊರಿಗೆ ಎಷ್ಟೋ ಸಲ ಹೇಳಿಯಾಗಿತ್ತು. ಎಲ್ಲರೂ ತಲೆಯಾಡಿಸಿದ್ದರು, ಮನಸ್ಸಿಟ್ಟೇ ಆಡಿಸಿದ್ದರು. ಆದರೆ ದಿನಾ ಹೆಂಚಿನ ಮೇಲೆ ಕೂತು ಊರು ಕಾಯುವ ಗಡವ ಅವರ ಪಾಲಿಗೆ ಸತ್ತ ಕೋತಿಯಲ್ಲ. ತೀರಿಕೊಂಡ ಹನುಮಪ್ಪ. ತೀರಿಕೊಂಡವರನ್ನು ಬೀದಿಯಲ್ಲಿ ಬಿಟ್ಟು ಫೋನು ಮಾಡುತ್ತ ಕೂರುವುದು ಯಾವ ಊರಿನ ರೀತಿ?

ಜೀಪು ತಲುಪುವ ಹೊತ್ತಿಗೆ ಗಡವನಿಗೆ ಸ್ನಾನ ಮಾಡಿಸಿ, ಅರಿಶಿನ ಬಳಿದು, ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿಯಾಗಿತ್ತು. ತಮಟೆಯವರು ಕಾಯಿಸಿದ ತಮಟೆ ಹಿಡಿದು ಬಡಿಯುತ್ತಿದ್ದರು. ರಾಜಮಣಿ ತಲೆಯಿಂದ ಕಾಲಿನ ತನಕ ಬಿಳಿ ಗೌಸು ತೊಟ್ಟು ಇಳಿದಳು.

"ನೋಡ್ರಪ್ಪೋ, ಚಂದ್ರಲೋಕಕ್ಕ ಹೊಂಟವ್ಳ ನಮ್ ಮಣಿ!" ಎಂದ ಯಾರೋ. ಸಾವಿನ ಮೆರವಣಿಗೆಯಲ್ಲೂ ಜನ ಗೊಳ್ಳೆಂದರು.

ಕುರ್ಚಿಯ ಪಕ್ಕ ಗಡವನ ತಲೆ ವಾಲದಂತೆ ಬರಿಗೈಯಲ್ಲಿ ಹಿಡಿದುಕೊಂಡು ನಡೆಯುತ್ತಿದ್ದವಳು ದೇವೀರಿ. ಸೆರಗಿನ ತುಂಬ ಅರಿಶಿನದ ನೀರು.

"ಬಿಡಿ ಅತ್ಗೆ, ಮುಟ್ಟಬೇಡಿ," ಎಂದಳು ರಾಜಮಣಿ. ಅವಳ ದನಿ ಮುಖದ ಗೌಸು ದಾಟಲಿಲ್ಲ. ಇನ್ನೊಮ್ಮೆ ಅಂದಳು. ಊರಿಡೀ ನೋಡುತ್ತಿತ್ತು. ಮೂರನೆಯ ಸಲ ಕೂಗಲು ಹೋದವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮೆರವಣಿಗೆ ಮುಂದೆ ಹೋಯಿತು. ಕೊನೆಗೆ ಪೊನ್ನಮ್ಮನೇ ಊರಿನ ಯಜಮಾನ ಬಸವನಾಯಕರನ್ನು ಹಿಡಿದು ನಿಲ್ಲಿಸಿ ಕೂಗಾಡಿದರು, ಮುಟ್ಟಿದವರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಕುರ್ಚಿ ಹೊತ್ತವರ ಮೈಮೇಲೆ ಏನೂ ಸಿಗಲಿಲ್ಲ. ಬರಿಗೈಯಲ್ಲಿ ಸ್ನಾನ ಮಾಡಿಸಿದ್ದೂ ತಲೆ ಹಿಡಿದದ್ದೂ ದೇವೀರಿ ಒಬ್ಬಳೇ.

ಮನೆಯ ಹಿತ್ತಲ ಕೋಣೆಯಲ್ಲಿ ಅತ್ತಿಗೆಯ ಕತ್ತು, ತೋಳು, ಬೆನ್ನು ಎಲ್ಲ ನೋಡಿದಾಗ ಮೂರು ಉಣ್ಣೆ ಕಚ್ಚಿ ಕೂತಿದ್ದವು. ರಾಜಮಣಿ ಚಿಮಟದಲ್ಲಿ ಒಂದೊಂದನ್ನೇ ಬುಡದಿಂದ ಹಿಡಿದು ನೆಟ್ಟಗೆ ಎಳೆದು ಶೀಶೆಗೆ ಹಾಕಿಕೊಂಡಳು. ನೀಲಿ ದೀಪ ಹಿಡಿದಾಗ ಎರಡು ಹಸಿರಾಗಿ ಮಿನುಗಿದವು. ಮೂರನೆಯದು ಕಪ್ಪಗೇ ಉಳಿಯಿತು.

"ಅದ್ಯಾಕ ಅಂಗ್ ನೋಡ್ತೀಯಮ್ಮಿ?"

"ಏನಿಲ್ಲ ಅತ್ಗೆ. ಸ್ವಲ್ಪ ರಕ್ತ ತಗೋತೀನಿ, ಕೈ ಕೊಡಿ."

"ನಿನ್ ಹುಳಿನ್ ಊಟಕ್ಕೇನು?" ಎಂದಳು ದೇವೀರಿ. ಆದರೂ ಕೈ ಚಾಚಿದಳು.

ಮರುದಿನ ಪೊನ್ನಮ್ಮ ಫೋನಿನಲ್ಲಿ ಬಹಳ ಮೆತ್ತಗೆ ಮಾತಾಡಿದರು. ಮಿನುಗದ ಆ ಉಣ್ಣೆ ಹೊರಗಿನದು. ಮರಿಯಾಗಿದ್ದಾಗ ಯಾವುದೋ ಇಲಿಯಿಂದ ವೈರಸ್ಸನ್ನು ಕುಡಿದು ಮೈಯಲ್ಲಿಟ್ಟುಕೊಂಡಿತ್ತು. ಅದನ್ನು ದೇವೀರಿಗೆ ಕೊಟ್ಟಿರುವುದು ಹೆಚ್ಚುಕಮ್ಮಿ ಖಂಡಿತ. ಈ ಕಾಯಿಲೆಗೆ ಇಂಥದೇ ಎಂಬ ಔಷಧಿಯಿಲ್ಲ. ಕಾಯಬೇಕು, ಜ್ವರ ಬಂದರೆ ಆಸ್ಪತ್ರೆಗೆ ಒಯ್ಯಬೇಕು.

ರಾಜಮಣಿ ರಜೆ ಹಾಕಿದಳು. ಗೌರಿಯನ್ನು ಪಕ್ಕದ ಬೀದಿಯ ಚಿಕ್ಕಜ್ಜಿಯ ಮನೆಗೆ ಕಳಿಸಿ, ತಾನೇ ರಾಗಿಮುದ್ದೆ ಕೂಡಿಸಿದಳು, ಗಂಟು ಗಂಟಾಯಿತು. ಅತ್ತಿಗೆ ಗೊಣಗದೆ ಉಂಡಳು. ಗೊಣಗದಿದ್ದುದಕ್ಕೇ ರಾಜಮಣಿಗೆ ಹೆದರಿಕೆಯಾಯಿತು.

"ಅಷ್ಟೊಂದು ಸಲ ಹೇಳಿದ್ವಲ್ಲ ಅತ್ಗೆ. ಯಾಕೆ ಮುಟ್ಟಿದ್ರಿ?"

ದೇವೀರಿ ತಟ್ಟೆಯಂಚಿನಲ್ಲಿ ಬೆರಳಾಡಿಸುತ್ತ ಕೂತಳು. "ನಿಮ್ಮಣ್ಣ ಹೋದಾಗ ನಾನು ತವರ್ನಲ್ಲಿ ಹಸಿ ಬಾಣ್ತಿ. ಬರಕೂಡ್ದು ಅಂದ್ಬುಟ್ರು. ಮಖ ನೋಡ್ನಿಲ್ಲ. ಒಂದ್ ಚೊಂಬ್ ನೀರ್ ಹುಯ್ನಿಲ್ಲ ನಾನು ಅವ್ರಿಗ." ತಟ್ಟೆ ಪಕ್ಕಕ್ಕೆ ಸರಿಸಿ ಅಂದಳು: "ಆ ಗಡವ ಕಂಬದ್ ಬುಡದಲ್ಲಿ ಅಂಗಾತ ಬಿದ್ದಿತ್ತು ಕಣಮ್ಮಿ, ಕಣ್ ಬುಟ್ಕಂಡು. ಕೈ ತಡಿನಿಲ್ಲ."

ಆ ಮನೆಯಲ್ಲಿ ಆವತ್ತಿನವರೆಗೆ ಚಿನ್ನಸ್ವಾಮಿಯ ಸಾವಿನ ಬಗ್ಗೆ ಜಗಳವಿತ್ತು, ಮಾತಿರಲಿಲ್ಲ. ರಾಜಮಣಿ ಅಣ್ಣನ ಕೊನೆಯ ದಿನಗಳನ್ನು ನೆನಪಿದ್ದಷ್ಟೂ ಹೇಳಿದಳು. ಜ್ವರದ ನಡುವೆ ಮಗಳಿಗೆ ಹೆಸರು ಹುಡುಕುತ್ತಿದ್ದುದು, ಡ್ರಿಪ್ ಹಾಕಲು ಬಂದ ನರ್ಸಮ್ಮನಿಗೆ ನಮ್ಮೂರ ಕಡಲೇಕಾಯಿ ತಂದುಕೊಡುತ್ತೇನೆಂದು ಆಸೆ ತೋರಿಸಿದ್ದು. ದೇವೀರಿ ನಕ್ಕಳು, ಆಮೇಲೆ ಸೆರಗು ಬಾಯಿಗೊತ್ತಿಕೊಂಡಳು.

ಅದೇ ವಾರ, ಮಧ್ಯಾಹ್ನ ಹಸುವಿಗೆ ನೀರು ತೋರಿಸುತ್ತಿದ್ದ ದೇವೀರಿ ತಲೆ ಹಿಡಿದುಕೊಂಡು ಕೊಟ್ಟಿಗೆಯ ಕಂಬಕ್ಕೊರಗಿದಳು. ಮೈ ಸುಡುತ್ತಿತ್ತು. ಅಣ್ಣನಿಗೂ ಹೀಗೇ ಶುರುವಾಗಿದ್ದು. ರಾಜಮಣಿ ಜೀಪಿಗೆ ಫೋನು ಮಾಡಿ, ಬಟ್ಟೆ ಗಂಟು ಕಟ್ಟಿ, ಅತ್ತಿಗೆಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಳು. ತಾನು ಸಾಕಿದ ಹುಳ, ತಾನು ಕೂಗದೆ ಬಿಟ್ಟ ಕೂಗು, ಎರಡೂ ಎದುರು ಬಂದು ನಿಂತವು.

ಜೀಪಿನಲ್ಲಿ ಪೊನ್ನಮ್ಮನೇ ಬಂದರು. ಒಳಗೆ ಬಂದವರೇ ದೇವೀರಿಯ ನಾಡಿ ನೋಡಿದರು, ಕಣ್ಣ ರೆಪ್ಪೆ ಬಿಡಿಸಿದರು, ಒಸಡು ನೋಡಿದರು. ರಕ್ತ ತೆಗೆದು ಜೀಪಿನಲ್ಲಿದ್ದ ಪೆಟ್ಟಿಗೆಯಂತ್ರಕ್ಕೆ ಹಾಕಿದರು. ಅದು ಗುಂಯ್‌ಗುಡುತ್ತಿದ್ದಷ್ಟು ಹೊತ್ತೂ ರಾಜಮಣಿ ಅತ್ತಿಗೆಯ ಹಣೆಯ ಒದ್ದೆ ಬಟ್ಟೆ ಬದಲಿಸುತ್ತಿದ್ದಳು. ಆಮೇಲೆ ರಾಜಮಣಿಯನ್ನು ಅಂಗಳಕ್ಕೆ ಕರೆದರು.

"ವೈರಸ್ ಒಳಗೆ ಬಂದಿದೆ. ಆದರೆ ಇಷ್ಟು ಹೊತ್ತಿಗೆ ರಕ್ತದ ತುಂಬ ಇರಬೇಕಾದದ್ದು, ಹುಡುಕಿದರೆ ಮಾತ್ರ ಸಿಗೋ ಅಷ್ಟಿದೆ. ಯಾರೋ ಹೊಡೀತಾ ಇದ್ದಾರೆ ಅದನ್ನ. ನೀನು ಮೊದಲ ದಿನ ತೆಗೆದ ರಕ್ತ ಇತ್ತಲ್ಲ, ಬರೋ ಮುಂಚೆ ಅದನ್ನ ನೋಡಿದೆ. ಆವತ್ತೇ ಅವಳ ಮೈಯಲ್ಲಿ ರಕ್ಷಣೆ ಇತ್ತು ರಾಜಮಣಿ."

"ಹಿಂದೆ ಯಾವಾಗಲೋ ಕಾಯಿಲೆ ಬಂದು ಹೋಗಿತ್ತಾ ಮೇಡಂ?"

"ಹಾಗಿದ್ರೆ ಇಡೀ ವೈರಸ್ಸಿನ ಗುರುತು ಇರಬೇಕಿತ್ತು. ಇವಳ ರಕ್ತಕ್ಕೆ ಗೊತ್ತಿರೋದು ಕವಚದ ಒಂದೇ ಒಂದು ಚೂರು. ನಮ್ಮ ಚೂರು." ಪೊನ್ನಮ್ಮ ಜೀಪಿನ ಬಾನೆಟ್ಟಿಗೆ ಒರಗಿದರು. "ದನ ಮೇಯಿಸೋಕೆ ಹೋದಾಗ ನಮ್ಮ ಉಣ್ಣೆ ಇವಳನ್ನ ಎಷ್ಟೋ ಸಲ ಕಚ್ಚಿದೆ. ನಾವು ಬೇಲಿ ಹಾಕಿದ್ವಿ. ಕೋತಿಗೆ, ಕಾಡುಕೋಳಿಗೆ ಬೇಲಿ ಏನು ಲೆಕ್ಕ? ಹೊತ್ಕೊಂಡು ಆಚೆ ಹೋಗಿವೆ. ಗೆದ್ವಿ ಅಂತ ಕುಣೀಬೇಕು ಅನ್ಸುತ್ತೆ, ಕೊಟ್ಟ ಮಾತು ತಪ್ಪಿದ್ವಿ ಅಂತ ನಾಚಿಕೆನೂ ಆಗುತ್ತೆ. ನಮಗೆ ಅನುಮತಿ ಕೊಟ್ಟ ಕಮಿಟಿಗೆ ಬರೀತೀನಿ, ಕೆಲಸ ನಿಲ್ಲಿಸ್ತೀನಿ. ಅದಕ್ಕಿಂತ ಮೊದಲು ಅವಳಿಗೆ ಹೇಳಬೇಕು. ನಾನು ಹೇಳಲಾ?"

"ಬೇಡ ಮೇಡಂ," ಎಂದಳು ರಾಜಮಣಿ. "ನಾನೇ ಹೇಳ್ತೀನಿ."

ಜ್ವರ ಮರುದಿನ ಇಳಿಯಿತು, ಮತ್ತೆ ಏರಲಿಲ್ಲ. ದೇವೀರಿ ಎದ್ದು ಕೂತು ಬಿಸಿ ಸಾರು ಕೇಳಿದ ಮೇಲೆ ರಾಜಮಣಿ ಅವಳೆದುರು ಕೂತು ಎಲ್ಲವನ್ನೂ ಹೇಳಿದಳು. ನಡುವೆ ನೆಲ ನೋಡಲಿಲ್ಲ. ಕೇಳದೆ ಕಚ್ಚಿದ್ದು, ಬೇಲಿ ದಾಟಿದ್ದು, ಊರಿಗೆ ಕೊಟ್ಟ ಮಾತು ಮುರಿದದ್ದು ಯಾವುದನ್ನೂ ಬಿಡಲಿಲ್ಲ. ತನಗೇ ತನ್ನ ದನಿ ಹೊಸದಾಗಿ ಕೇಳಿಸಿತು.

ದೇವೀರಿ ಸಾರಿನ ಲೋಟ ಕೆಳಗಿಟ್ಟಳು.

"ಆವತ್ತು ಇವು ಇದ್ದಿದ್ರ, ನಿಮ್ಮಣ್ಣ?"

"ಉಳೀತಿದ್ದ ಅನ್ಸುತ್ತೆ ಅತ್ಗೆ."

ದೇವೀರಿ ಎದ್ದು ಹೊರಗೆ ಹೋಗಿ ಹಸುವಿಗೆ ಹುಲ್ಲು ಹಾಕಿ ಬಂದಳು. ಆಮೇಲೆ ದೇವೀರಿಗೆ ಸಿಟ್ಟು ಬಂತು. ರಾಜಮಣಿ ಅಂದುಕೊಂಡ ಕಡೆಯಿಂದ ಅಲ್ಲ.

"ಕಳ್ಳರಂಗ ಕಚ್ಚುಸ್ಬುಟ್ರಲ್ಲಮ್ಮಿ! ಒಳ್ಳೇದ್ ಮಾಡೋರ್ಗ ಕಳ್ತನ ಯಾಕ? ಕೇಳೂಕ್ ಬಾಯ್ ಇರ್ನಿಲ್ವಾ? ನಿಮ್ ಮೇಡಮ್ಮು ಸಭೇಲಿ ಕಂಪ್ಯೂಟ್ರು ಬುಟ್ಕಂಡು ಅದೇನ ತೋರುಸ್ತು. ನಂಗೊಂದೂ ತಿಳಿನಿಲ್ಲ. ಈಗ ನೀ ಹೇಳ್ದಲ್ಲ, ತಿಳೀತು. ಇಂಗೇ ಹೇಳು. ಊರ್ಗೆಲ್ಲಾ ಹೇಳು. ನಾಳ ತಿಥಿಗ ಎಲ್ಲಾ ಸೇರ್ತಾರ."

"ಅಷ್ಟು ಜನದ ಮುಂದೆ ನಂಗಾಗಲ್ಲ ಅತ್ಗೆ."

"ನನ್ ಮುಂದ ಆಯ್ತಲ್ಲ? ನನ್ಗಿಂತ ಜೋರಿರೋರು ಯಾರವ್ರ ಈ ಊರಲ್ಲಿ?"

ಗಡವನ ತಿಥಿಗೆ ಮನೆಮನೆಯಿಂದ ಅಕ್ಕಿ ಬೇಳೆ ಎತ್ತಿ, ಹನುಮಪ್ಪನ ಗುಡಿಯ ಮುಂದೆ ಶಾಮಿಯಾನ ಹಾಕಿದ್ದರು. ಪಾಯಸ, ವಡೆ, ಅನ್ನ, ಸಾಂಬಾರು. ಊಟವಾದ ಮೇಲೆ ಜನ ಎಲೆಯಡಿಕೆ ಮೆಲ್ಲುತ್ತ ಕೂತಿದ್ದಾಗ ದೇವೀರಿ ನಾದಿನಿಯ ಬೆನ್ನಿಗೆ ಕೈಯಿಟ್ಟು ಮುಂದೆ ದೂಡಿದಳು. ರಾಜಮಣಿಯ ಮೊದಲ ವಾಕ್ಯ ಯಾರಿಗೂ ಕೇಳಿಸಲಿಲ್ಲ. "ಗಟ್ಯಾಗಿ!" ಎಂದಳು ದೇವೀರಿ. ಎರಡನೆಯದು ಕೇಳಿಸಿತು. ಪೊನ್ನಮ್ಮ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಮಾತು ತಪ್ಪಿದ್ದನ್ನು ಅವಳು ಹೇಳಿದಾಗ ಗದ್ದಲವೆದ್ದಿತು. ಇಬ್ಬರು ಎದ್ದೇ ಹೋದರು. ಉಳಿದವರು ಬೈದರು, ಬೈದು ಸಾಕಾದ ಮೇಲೆ ಕೇಳತೊಡಗಿದರು. ಹಸುವಿನ ಹಾಲು ಕಮ್ಮಿಯಾಗುತ್ತಾ? ಬಸುರಿ ಹೆಂಗಸರಿಗೆ ಏನಾದರೂ ಆದರೆ? ಕಚ್ಚಿದರೆ ತುರಿಕೆ ಎಷ್ಟು ದಿನ? ಗೊತ್ತಿದ್ದಕ್ಕೆ ಗೊತ್ತು, ಗೊತ್ತಿಲ್ಲದ್ದಕ್ಕೆ ಇನ್ನೂ ಗೊತ್ತಿಲ್ಲ ಎಂದಳು ರಾಜಮಣಿ.

ಯಜಮಾನ ಬಸವನಾಯಕರು ಎಲೆ ಉಗಿದು ಬಂದು ಕೇಳಿದರು: "ಅಲ್ಲಮ್ಮಿ, ಕೋತಿ ಹನುಮಪ್ಪ, ಸರಿ. ಕೈ ಮುಗೀತೀವಿ. ಈಗ ಉಣ್ಣೆಗೂ ಕೈ ಮುಗೀಬೇಕು ಅಂತೀಯಾ?"

ಜನ ನಕ್ಕರು. ರಾಜಮಣಿಗೂ ನಗು ಬಂತು.

"ಕೈ ಮುಗೀಬೇಡಿ ಮಾವ. ಕೋತಿಗಾದ್ರೆ ನಮ್ಮ ಹಾಗೇ ಅಳು ಇದೆ, ಕೋಪ ಇದೆ, ನಮಗೆ ಗೊತ್ತಾಗುತ್ತೆ. ಈ ಹುಳಕ್ಕೆ ಅದೇನೂ ಇಲ್ಲ. ಒಳಗೆ ಏನು ಇಟ್ಟು ಕಳಿಸಿದ್ರೆ ಅದನ್ನ ಹೊತ್ಕೊಂಡು ಹೋಗುತ್ತೆ. ಇಷ್ಟು ದಿನ ಕಾಯಿಲೆ ಹೊತ್ತಿತ್ತು. ನಾವು ಬೇರೆ ಹೊರೆ ಕೊಡಬಹುದು. ಕೊಡೋದೋ ಬೇಡವೋ ನೀವು ಹೇಳಬೇಕು."

ಹಿರಿಯರು ಒಂದು ಪಕ್ಕಕ್ಕೆ ಹೋಗಿ ಮಾತಾಡಿಕೊಂಡು ಬಂದರು. ತೀರ್ಮಾನ ಹೀಗಾಯಿತು. ಊರಿನ ಮೂಡಲ ಕಾಡಿಗೆ ಉಣ್ಣೆ ಬಿಡಲಿ, ಪಡುವಲ ಕಾಡು ಒಂದು ವರ್ಷ ಹಾಗೇ ಇರಲಿ. ಕೋಳಿ ಹೊತ್ತುಕೊಂಡು ಪಡುವಲಿಗೂ ಹಾರಬಹುದು ಎಂದು ರಾಜಮಣಿ ಎಚ್ಚರಿಸಿದಾಗ, ಅದನ್ನೂ ಸೇರಿಸಿ ಊರಿಗೆಲ್ಲ ತಮಟೆ ಹೊಡೆಸಿ ಸಾರಬೇಕು, ಅಲ್ಲಿ ಸಿಕ್ಕರೆ ಅವತ್ತೇ ಊರಿಗೆ ತಿಳಿಸಬೇಕು ಎಂದರು. ಒಪ್ಪಿದವರು ದನ ಮೂಡಲಿಗೆ ಹೊಡೆಯಲಿ, ಒಲ್ಲದವರು ಪಡುವಲಿಗೆ. ಯಾಕೆಂದು ಯಾರನ್ನೂ ಯಾರೂ ಕೇಳಕೂಡದು. ಕಮಿಟಿಯೂ ವಿಚಾರಣೆ ಮಾಡಿ, ಬೈದು, ಊರಿನ ಈ ಷರತ್ತನ್ನೇ ತನ್ನ ಷರತ್ತೆಂದು ಬರೆದು ಒಪ್ಪಿಗೆ ಕೊಟ್ಟಿತು.

ಉಣ್ಣೆ ಬಿಟ್ಟ ಮರುದಿನ ಬೆಳಗ್ಗೆ ರಾಜಮಣಿ ಮತ್ತು ಪೊನ್ನಮ್ಮ ಊರಾಚೆ ದಾರಿ ಎರಡಾಗಿ ಸೀಳುವ ಕಡೆ ಹುಣಸೆಮರದ ಕೆಳಗೆ ನಿಂತರು. ಹಿಂದಿನ ಸಂಜೆ ತಮಟೆ ಹೊಡೆದು ಸಾರಿಯಾಗಿತ್ತು. ಬಿಸಿಲು ಏರುತ್ತಿದ್ದಂತೆ ಮೊದಲ ದನಗಳು ಬಂದವು, ಪಡುವಲಿಗೆ ತಿರುಗಿದವು. ಎರಡನೆಯ ಮನೆಯವೂ ಪಡುವಲಿಗೆ. ಬಸವನಾಯಕರ ಜೋಡಿ ಎತ್ತು, ಎಮ್ಮೆ, ಎಲ್ಲ ಪಡುವಲಿಗೆ. ಯಜಮಾನರು ಇವರನ್ನು ನೋಡದವರಂತೆ ಕೋಲು ಬೀಸುತ್ತ ಹೋದರು.

ಪೊನ್ನಮ್ಮ ಕನ್ನಡಕ ತೆಗೆದು ಒರೆಸತೊಡಗಿದರು.

ಆಮೇಲೆ ದೇವೀರಿ ಬಂದಳು. ಮುಂದೆ ಅವಳ ಹಸು ಮತ್ತು ಕರು. ಮುಂದೆ ಹೋದ ದನಗಳ ವಾಸನೆ ಹಿಡಿದು ಹಸು ಪಡುವಲಿಗೇ ಎಳೆಯಿತು. ದೇವೀರಿ ಅದರ ಕೊಂಬು ಹಿಡಿದು, "ಏಯ್, ಇತ್ಲಾಗಿ," ಎಂದು ಮೂಡಲಿಗೆ ತಿರುಗಿಸಿದಳು. ಹುಣಸೆಮರ ದಾಟುವಾಗ ನಾದಿನಿಯತ್ತ ನೋಡಿ, "ಬೆಳಿಗ್ಗಿಂದ ಹೊಟ್ಟಗೇನೂ ಹಾಕ್ನಿಲ್ವಲ್ಲ ನೀನು. ಮುದ್ದ ಮಾಡಿಟ್ಟಿವ್ನಿ, ಹೋಗು," ಎಂದಳು.

ಅವಳು ಇನ್ನೂ ತಿರುವು ದಾಟಿರಲಿಲ್ಲ. ಹಿಂದಿನಿಂದ ಚಿಕ್ಕಜ್ಜಿ ತನ್ನ ಆಡುಗಳನ್ನು ಹೊಡೆದುಕೊಂಡು ಬಂದಳು. ಕವಲಿನಲ್ಲಿ ನಿಂತು ಆ ಕಡೆ ನೋಡಿದಳು, ಈ ಕಡೆ ನೋಡಿದಳು. "ದೇವೀರೀ, ನಿಲ್ಲೇ, ನಾನೂ ಬತ್ತೀನಿ!" ಎಂದು ಕೂಗಿ ಆಡುಗಳನ್ನು ಮೂಡಲಿಗೆ ಅಟ್ಟಿದಳು. ಅವಳ ಹಿಂದೆ, ಊರಿನ ಕಡೆಯ ದಾರಿಯಲ್ಲಿ, ಇನ್ನಷ್ಟು ದನಗಳ ಕೊರಳಗಂಟೆ ಕೇಳುತ್ತಿತ್ತು. ಅವು ಯಾವ ಕಡೆ ತಿರುಗುತ್ತವೋ ಎಂದು ರಾಜಮಣಿ ದಾರಿಯ ಅಂಚಿಗೆ ಸರಿದು, ತಲೆಯೆತ್ತಿ ನಿಂತಳು.